ಕಾಲು ಸುಟ್ಟರೂ ಗೊತ್ತಾಗಲಿಲ್ಲ

ಎಲ್ಲರಿಗೂ ನಮಸ್ಕಾರ. ನರಮಂಡಲದ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಕೊಟ್ಟಿರುವ ಸಮಯ ಕಡಿಮೆ. ಹಾಗಾಗಿ ಕಾಲಿನಿಂದಲೇ ಶುರು ಮಾಡುತ್ತೇನೆ, ಮೆದುಳಿಗೆ ಟೈಮ್ ಉಳಿದರೆ ನೋಡೋಣ. ಶುಗರ್ ಇರುವವರು, ಮನೆಯಲ್ಲಿ ಅಂಥವರನ್ನು ನೋಡಿಕೊಳ್ಳುತ್ತಿರುವ ಅಕ್ಕಂದಿರು, ರೇಡಿಯೋ ಸ್ವಲ್ಪ ಜೋರು ಮಾಡಿ. ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಿ. ನಾನು ಹೇಳಲು ಬಂದಿರುವುದು ಇಷ್ಟೇ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಕೈ ಮೇಲೆ ಹಸಿರಾಗಿ ಉಬ್ಬಿ ಕಾಣುತ್ತದಲ್ಲ, ಅದನ್ನೇ ನಾವೆಲ್ಲ ನರ ಅನ್ನುತ್ತೇವೆ. ‘ನರಕ್ಕೆ ಸೂಜಿ ಹಾಕಿದರು’ ಅನ್ನುತ್ತೇವೆ. ಅದು ರಕ್ತನಾಳ. ನಿಜವಾದ ನರ ಒಳಗಿರುತ್ತದೆ, ಬೆಳ್ಳಗೆ, ಹುರಿದಾರದ ಹಾಗೆ. ಅದರಲ್ಲಿ ಓಡುವುದು ಸುದ್ದಿ.

ಕಾದ ಹೆಂಚಿಗೆ ಬೆರಳು ತಗುಲಿತು ಅನ್ನಿ. ಕೈ ತಟ್ಟನೆ ಹಿಂದೆ ಬರುತ್ತದೆ, ‘ಅಯ್ಯಪ್ಪಾ’ ಅನ್ನುವುದು ಆಮೇಲೆ. ಅಲ್ವಾ? ಕೈ ಎಳೆದುಕೋ ಅಂತ ಹೇಳಿದ್ದು ಬೆನ್ನುಹುರಿ. ಬೆನ್ನುಮೂಳೆಯೊಳಗೆ ಸುಮಾರು 45 ಸೆಂಟಿಮೀಟರ್ ಉದ್ದಕ್ಕೆ ಇಳಿದಿರುವ ಹುರಿ ಅದು. ಅದರಿಂದ 31 ಜೊತೆ ನರಗಳು ಹೊರಡುತ್ತವೆ. ಮೆದುಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಬೆನ್ನುಹುರಿ ತನ್ನ ಕೆಲಸ ಮುಗಿಸಿರುತ್ತದೆ. ಆದರೆ ಬೆರಳಿನಿಂದ ಸುದ್ದಿಯೇ ಹೊರಡದಿದ್ದರೆ?

ನನ್ನ ಹತ್ತಿರ ಬರುವ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಹದಿನೈದು ವರ್ಷದ ಶುಗರ್. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ಊರ ದೇವಸ್ಥಾನದಲ್ಲಿ ಪ್ರದಕ್ಷಿಣೆ. ಕಲ್ಲುಹಾಸು ಕಾದು ಕೆಂಡ. ಬಂದವರೆಲ್ಲ ಕುಪ್ಪಳಿಸಿಕೊಂಡು ನೆರಳಿಗೆ ಓಡುತ್ತಿದ್ದಾರೆ. ಇವರು ಮಾತ್ರ ಕೈ ಮುಗಿದುಕೊಂಡು, ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಹನ್ನೊಂದು ಸುತ್ತು ಬಂದರು. ನೋಡಿದವರು ‘ಏನು ಭಕ್ತಿ, ಏನು ಭಕ್ತಿ’ ಅಂದರಂತೆ. ಇವರಿಗೂ ಒಳಗೊಳಗೇ ಖುಷಿ. ಮನೆಗೆ ಬಂದು ಊಟ ಮಾಡಿ ಮಲಗಿದರು. ಸಂಜೆ ಮನೆಯವರು ಟೈಲ್ಸ್ ಮೇಲೆ ಒದ್ದೆ ಹೆಜ್ಜೆ ನೋಡಿ, ‘ರೀ, ಕಾಲು ಒರೆಸಿಕೊಂಡು ಬರಬಾರದಾ?’ ಅಂತ ಗದರಿದ್ದಾರೆ. ಆಮೇಲೆ ಬಗ್ಗಿ ನೋಡಿದರೆ ಎರಡೂ ಅಂಗಾಲಿನ ಬೊಬ್ಬೆ ಒಡೆದು ಸೋರುತ್ತಿತ್ತು. ನನ್ನೆದುರು ಕೂತಾಗಲೂ ಮೇಷ್ಟ್ರು, ‘ನೋವೇನಿಲ್ಲ ಡಾಕ್ಟ್ರೇ, ಇವಳು ಸುಮ್ನೆ ಹೆದರಿ ಕರ್ಕೊಂಡು ಬಂದಳು’ ಅಂತಲೇ ಹೇಳುತ್ತಿದ್ದರು. ‘ನೋವಿಲ್ಲದಿರುವುದೇ ನಿಮ್ಮ ಕಾಯಿಲೆ ಮೇಷ್ಟ್ರೇ’ ಅಂದೆ. ವಾಸಿಯಾಗಲು ಮೂರು ತಿಂಗಳು ಹಿಡಿಯಿತು. ಎಡಗಾಲಿನ ಕಿರುಬೆರಳು ಉಳಿಯಲಿಲ್ಲ.

ಕಾಲಿಗೇ ಮೊದಲು ಯಾಕೆ ಬರುತ್ತದೆ ಗೊತ್ತಾ? ಹೆಬ್ಬೆರಳಿನ ಸುದ್ದಿ ಹೊರುವ ನರಕೋಶದ ಗುಂಡು ಭಾಗ ಸೊಂಟದ ಹತ್ತಿರ ಇರುತ್ತದೆ. ಅದರ ಬಾಲ ಒಂದೇ ಎಳೆಯಾಗಿ ಹೆಬ್ಬೆರಳಿನವರೆಗೆ ಬರುತ್ತದೆ, ಸುಮಾರು ಒಂದು ಮೀಟರ್. ಕೂದಲಿಗಿಂತ ತೆಳು. ಆ ಗುಂಡು ಭಾಗ ನಿಂಬೆಹಣ್ಣಿನಷ್ಟು ದಪ್ಪ ಅಂದುಕೊಂಡರೆ ಬಾಲ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಆಗುತ್ತದೆ! ಬಾಲದ ತುದಿಗೆ ಬೇಕಾದ ಸಾಮಾನೆಲ್ಲ ಸೊಂಟದಿಂದ ಹೋಗಬೇಕು. ಬೇಗ ಹೋಗುವ ಸಾಮಾನಿಗೇ ಎರಡು ಮೂರು ದಿನ ಬೇಕು. ನನಗಂತೂ ಇದು ಇವತ್ತಿಗೂ ಬೆರಗು. ಶುಗರ್ ಜಾಸ್ತಿಯಾಗಿ ವರ್ಷಗಟ್ಟಲೆ ಹಾಗೇ ಇದ್ದರೆ ಎಳೆ ಸೊರಗುತ್ತದೆ, ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳೂ ಕೆಡುತ್ತವೆ. ಕಾಲುವೆಯ ಕೊನೆಯ ಗದ್ದೆಗೆ ಮೊದಲು ನೀರು ತಪ್ಪುವ ಹಾಗೆ, ತುದಿ ಮೊದಲು ಒಣಗುತ್ತದೆ. ಮೊದಲು ಜೋಮು, ಉರಿ. ಆಮೇಲೆ ಹತ್ತಿ ಮೇಲೆ ನಡೆದ ಹಾಗೆ. ಚಪ್ಪಲಿ ಕಾಲಿಂದ ಜಾರಿದರೂ ತಿಳಿಯುವುದಿಲ್ಲ. ಮರಗಟ್ಟುವುದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಶುರುವಾಗುತ್ತದೆ.

ಮೇಷ್ಟ್ರ ಕಥೆ ಉದ್ದವಾಯಿತು, ಉಳಿದದ್ದು ಬೇಗ ಹೇಳುತ್ತೇನೆ. ಹೃದಯ, ಹೊಟ್ಟೆ, ಬೆವರು, ಇವನ್ನೆಲ್ಲ ನಮ್ಮನ್ನು ಕೇಳದೆ ನಡೆಸುವ ನರಗಳೂ ಇವೆ. ಶುಗರ್ ಅವುಗಳನ್ನೂ ಬಿಡುವುದಿಲ್ಲ. ಹಾಸಿಗೆಯಿಂದ ಏಳುತ್ತಲೇ ತಲೆ ತಿರುಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಇನ್ನು ಮೆದುಳು, 1,300 ಗ್ರಾಂಗೂ ಸ್ವಲ್ಪ ಜಾಸ್ತಿ ತೂಕ, ಸುಮಾರು 8,600 ಕೋಟಿ ನರಕೋಶ. ಅದನ್ನು ಇನ್ನೊಂದು ದಿನ ಕರೆದರೆ ಹೇಳುತ್ತೇನೆ.

‘ನರಕ್ಕೆ ಒಂದು ಟಾನಿಕ್ ಬರೆದುಕೊಡಿ’ ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ. ಟಾನಿಕ್ ಆಮೇಲೆ, ಮೊದಲು ಕಾಲು ತೋರಿಸಿ ಅನ್ನುತ್ತೇನೆ. ಸಾಕ್ಸ್ ಬಿಚ್ಚಲು ಅದೇನು ಸಂಕೋಚವೋ! ಜೋಮು ಅಂತ ಬಿಸಿನೀರಿನಲ್ಲಿ ಕಾಲು ಇಳಿಬಿಡಬೇಡಿ, ಬಿಸಿ ಎಷ್ಟಿದೆ ಅಂತ ಹೇಳಬೇಕಾದ ನರವೇ ಮಲಗಿದೆ. ಬಗ್ಗಲು ಆಗದವರು ನೆಲದ ಮೇಲೆ ಒಂದು ಕನ್ನಡಿ ಇಟ್ಟುಕೊಳ್ಳಿ, ಅಂಗಾಲು, ಬೆರಳ ಸಂದು ಎಲ್ಲ ಕಾಣುತ್ತದೆ. ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳನ್ನು ಕರೆಯಿರಿ. ಆದರೆ ನೋಡಿ. ದಿನಾ ನೋಡಿ.

ಮೇಷ್ಟ್ರು ಈಗಲೂ ಪ್ರದಕ್ಷಿಣೆ ಬಿಟ್ಟಿಲ್ಲ. ಬೆಳಿಗ್ಗೆ ಆರು ಗಂಟೆಗೆ, ಕಲ್ಲು ತಣ್ಣಗಿರುವಾಗ ಹೋಗುತ್ತಾರೆ. ಅರ್ಚಕರು ಸಾಕ್ಸ್ ಹಾಕಿಕೊಳ್ಳಲೂ ಒಪ್ಪಿದ್ದಾರೆ. ನಮಸ್ಕಾರ.