ಗಡಿ ಬಂದು ನಿಂತ ಊರು

ಎಲ್ಲರಿಗೂ ನಮಸ್ಕಾರ.

ಬಲ್ಗೇರಿಯಾದ ನಕ್ಷೆಯಲ್ಲಿ ಆಗ್ನೇಯ ಮೂಲೆಯನ್ನು ನೋಡಿ. ಪೂರ್ವಕ್ಕೆ ಕಪ್ಪು ಸಮುದ್ರ, ದಕ್ಷಿಣಕ್ಕೆ ಟರ್ಕಿ. ಅಲ್ಲಿ ಸ್ಟ್ರಾಂಜಾ ಅನ್ನುವ ಬೆಟ್ಟಸಾಲು ಇದೆ. ಅದರ ಮಡಿಲಲ್ಲಿರುವ ಪಟ್ಟಣ ಮಾಲ್ಕೊ ತರ್ನೊವೊ. ‘ಮಾಲ್ಕೊ’ ಅಂದರೆ ಚಿಕ್ಕದು. ಈ ಪಟ್ಟಣ ಮತ್ತು ಅದಕ್ಕೆ ಸೇರಿದ 12 ಹಳ್ಳಿಗಳು ಕೂಡಿ ಒಂದು ‘ಒಬ್ಶ್ತಿನಾ’, ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಹಾಗೆ.

ವಿಸ್ತೀರ್ಣ ಸುಮಾರು 780 ಚದರ ಕಿಲೋಮೀಟರ್. ಜನ? 2011ರ ಜನಗಣತಿಯ ಹೊತ್ತಿಗೆ 4,000ದ ಆಸುಪಾಸು. ಚದರ ಕಿಲೋಮೀಟರಿಗೆ ಐದು ಜನ ಅಂದುಕೊಳ್ಳಿ. ಸ್ಲಿವಾರೊವೊದಂಥ ಹಳ್ಳಿಯಲ್ಲಿ ವರ್ಷಪೂರ್ತಿ ಇರುವವರನ್ನು ಬೆರಳಲ್ಲಿ ಎಣಿಸಬಹುದು. ಇಷ್ಟು ಒಳ್ಳೆಯ ಕಾಡು, ನೀರು ಇರುವ ಕಡೆ ಜನ ಯಾಕಿಲ್ಲ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅದನ್ನೇ.

ಮೊದಲು ಕಾಡು. ಇಲ್ಲಿನ ಬೆಟ್ಟಗಳು ಎತ್ತರದವಲ್ಲ. ಬಲ್ಗೇರಿಯಾದ ಬದಿಯಲ್ಲಿ ಎಲ್ಲಕ್ಕಿಂತ ಎತ್ತರದ ಗ್ರಾದಿಶ್ಟೆ ಶಿಖರವೇ ಸುಮಾರು 710 ಮೀಟರ್. ಆದರೆ ಹಿಮಯುಗದಲ್ಲಿ ಉತ್ತರ ಯುರೋಪಿನ ಬಹುಭಾಗ ಹಿಮದಡಿ ಹೋದಾಗ ಈ ಬೆಟ್ಟಗಳು ಉಳಿದುಕೊಂಡವು. ಸಮುದ್ರದ ತೇವವೂ ಕೈಹಿಡಿಯಿತು. ಹಾಗಾಗಿ ಬೇರೆ ಕಡೆ ಅಳಿದುಹೋದ ಬಹಳ ಹಳೆಯ ಗಿಡಗಳು ಇಲ್ಲಿ ಇನ್ನೂ ಇವೆ. ‘ಜೆಲೆನಿಕಾ’ ಅಂತ ಅಲ್ಲಿನವರು ಕರೆಯುವ ಕಾಡು ರೋಡೋಡೆಂಡ್ರಾನ್ ಅವುಗಳಲ್ಲೊಂದು. ಮೇ ತಿಂಗಳಲ್ಲಿ ಹಳ್ಳದ ಪಕ್ಕದ ನೆರಳೆಲ್ಲ ಅದರ ನೇರಳೆ ಹೂವಿನಿಂದ ತುಂಬುತ್ತದೆ. ಓಕ್ ಮರಗಳಂತೂ ಎಲ್ಲೆಲ್ಲೂ. ಇಲ್ಲಿನ ಹೆಸರಾದ ಕಡುಕಪ್ಪು ಜೇನುತುಪ್ಪ ಹೂವಿನ ಮಕರಂದದಿಂದ ಆಗುವುದಲ್ಲ. ಓಕ್ ಮರದ ಮೇಲೆ ಪುಟ್ಟ ಹುಳಗಳು ಬಿಡುವ ಸಿಹಿ ರಸವನ್ನು ಜೇನ್ನೊಣಗಳು ಕೂಡಿಟ್ಟು ಮಾಡಿದ್ದು. 1995ರಲ್ಲಿ ಈ ಪ್ರದೇಶವನ್ನು ಸ್ಟ್ರಾಂಜಾ ನಿಸರ್ಗ ಉದ್ಯಾನ ಅಂತ ಘೋಷಿಸಿದರು. ಅದು ಬಲ್ಗೇರಿಯಾದ ಅತಿ ದೊಡ್ಡ ಸಂರಕ್ಷಿತ ಪ್ರದೇಶ.

ಈಗ ಜನರ ಕಥೆಗೆ ಬರೋಣ. 1912ರವರೆಗೆ ಈ ಊರು ಆಟೊಮನ್ ಆಳ್ವಿಕೆಯಲ್ಲಿತ್ತು. ದಕ್ಷಿಣದ ಲೊಜೆನ್‌ಗ್ರಾದ್, ಅಂದರೆ ಇವತ್ತಿನ ಟರ್ಕಿಯ ಕಿರ್ಕ್ಲಾರೆಲಿ, ಇವರ ಜಿಲ್ಲಾ ಕೇಂದ್ರ. ಬಾಲ್ಕನ್ ಯುದ್ಧಗಳ ನಂತರ, 1913ರಲ್ಲಿ, ಮಾಲ್ಕೊ ತರ್ನೊವೊ ಬಲ್ಗೇರಿಯಾಕ್ಕೆ ಬಂತು. ಲೊಜೆನ್‌ಗ್ರಾದ್ ಟರ್ಕಿಯಲ್ಲೇ ಉಳಿಯಿತು. ಊರು ಇದ್ದಲ್ಲೇ ಇತ್ತು, ಗಡಿ ಮಾತ್ರ ಬಂದು ಅಂಗಳದಲ್ಲಿ ನಿಂತಿತು. ಬೆಟ್ಟದ ಆಚೆಗೆ ಹೋಗುತ್ತಿದ್ದ ದಾರಿ ಬೇರೆ ದೇಶದ ದಾರಿಯಾಯಿತು. ಗಡಿಯಾಚೆ ಮನೆಮಠ ಕಳೆದುಕೊಂಡ ಬಲ್ಗೇರಿಯನ್ನರು ಈ ಕಡೆ ಬಂದರು. ಈ ಕಡೆಯ ಗ್ರೀಕರು ಬಿಟ್ಟು ಹೋದರು.

ಆಮೇಲೆ ಶೀತಲ ಸಮರ. ಟರ್ಕಿ ನೇಟೋದಲ್ಲಿ, ಬಲ್ಗೇರಿಯಾ ಸೋವಿಯತ್ ಬಣದಲ್ಲಿ. ಗಡಿಗೆ ಮುಳ್ಳುತಂತಿ ಬೇಲಿ ಬಿತ್ತು. ಹೊರಗಿನವರು ಇಲ್ಲಿಗೆ ಬರಲು ವಿಶೇಷ ಪರವಾನಗಿ ಪತ್ರ ಬೇಕಿತ್ತು. ನೆಂಟರ ಮನೆಗೆ ಸುಮ್ನೆ ಒಂದು ದಿನ ಹೋಗಿ ಬರೋಣ ಅಂದರೂ ಅನುಮತಿ! ಇಂಥ ಕಡೆ ಹೊಸಬರು ಬಂದು ನೆಲೆಸುವುದು ಸುಲಭವಲ್ಲ, ಅಲ್ವಾ? ಸರ್ಕಾರಕ್ಕೂ ಇದು ಗೊತ್ತಿತ್ತು. 1980ರ ದಶಕದಲ್ಲಿ ‘ಯುವಜನರ ಗಣರಾಜ್ಯ’ ಅಂತ ಹೆಸರಿಟ್ಟು, ಜಾಸ್ತಿ ಸಂಬಳದ ಆಸೆ ತೋರಿಸಿ ಯುವಕರನ್ನು ಸ್ಟ್ರಾಂಜಾಕ್ಕೆ ಕರೆಸಿತು. ಬಂದವರಲ್ಲಿ ಹೆಚ್ಚಿನವರು ನಿಲ್ಲಲಿಲ್ಲ. 1989ರ ನಂತರ ತಾಮ್ರದ ಗಣಿಯೂ ಮುಚ್ಚಿತು. ಕೆಲಸ ಹುಡುಕಿಕೊಂಡು ಮಕ್ಕಳು ಬುರ್ಗಾಸ್ ನಗರಕ್ಕೋ, ಹೊರದೇಶಕ್ಕೋ ಹೊರಟರು. ಇಡೀ ದೇಶದ್ದೇ ಈ ಕಥೆ: 1985ರಲ್ಲಿ ಸುಮಾರು 89 ಲಕ್ಷ ಇದ್ದ ಬಲ್ಗೇರಿಯಾದ ಜನಸಂಖ್ಯೆ 2021ರ ಗಣತಿಗೆ 65 ಲಕ್ಷಕ್ಕೆ ಇಳಿದಿತ್ತು.

ಜನರನ್ನು ದೂರ ಇಟ್ಟ ಆ ಬೇಲಿಯೇ ಕೊಡಲಿಯನ್ನೂ ದೂರ ಇಟ್ಟಿತು. ಕಾಡು ಇಷ್ಟು ಚೆನ್ನಾಗಿ ಉಳಿದಿರುವುದರಲ್ಲಿ ಅದರ ಪಾಲೂ ಇದೆ. ಆದರೂ ಇದನ್ನು ಲಾಭ ಅಂತ ಬರೆದಿಡಲು ನನಗೆ ಮನಸ್ಸು ಬರುವುದಿಲ್ಲ. ಬ್ರಶ್ಲ್ಯಾನ್ ಹಳ್ಳಿಯ ಮನೆಗಳನ್ನೇ ನೋಡಿ. ಕೆಳಗೆ ಕಲ್ಲಿನ ಗೋಡೆ, ಅಲ್ಲಿ ದನಕುರಿ. ಮೇಲೆ ಮರದ ಹಲಗೆ ಹೊದಿಸಿದ ಅಟ್ಟ, ಅಲ್ಲಿ ಮನುಷ್ಯರು. ಚಳಿಗಾಲದಲ್ಲಿ ಕೆಳಗಿನ ದನಗಳ ಬಿಸುಪು ಮೇಲಿನವರನ್ನು ಬೆಚ್ಚಗಿಡುತ್ತಿತ್ತು. ಇವತ್ತು ಆ ಹಳ್ಳಿಯೇ ಸಂರಕ್ಷಿತ ವಾಸ್ತು ತಾಣ. ಬೇಸಿಗೆಯಲ್ಲಿ ನೋಡಲು ಬರುವವರಿದ್ದಾರೆ. ಚಳಿಗಾಲ ಬಂದಾಗ ಬಹಳಷ್ಟು ಮನೆಗಳ ಒಲೆ ಹೊತ್ತುವುದಿಲ್ಲ.