ಲೇಡೀಸ್ ಸರ್ಕ್ಯೂಟ್ ಜಿಮ್: ಈಗಷ್ಟೇ ಶುರು ಮಾಡುವವರಿಗೆ ಸರಿಹೊಂದುತ್ತದೆಯೇ?

(ದೃಶ್ಯ: ವಿಜಯನಗರದ ಒಂದು ಅಡ್ಡರಸ್ತೆ, ಬೆಳಿಗ್ಗೆ ಹತ್ತೂವರೆ. ಕೆಳಗೆ ಔಷಧಿ ಅಂಗಡಿ, ಎರಡನೇ ಮಹಡಿಯಲ್ಲಿ ಪರದೆ ಎಳೆದ ಕಿಟಕಿಗಳು.)

ನಮಸ್ಕಾರ. ಈ ಮೆಟ್ಟಿಲುಗಳನ್ನು ಮೊದಲ ಸಲ ಹತ್ತಿದಾಗ ನನಗೆ 39 ವರ್ಷ. ಅದಕ್ಕೂ ಮುಂಚೆ ಎರಡು ದಿನ ಈ ಔಷಧಿ ಅಂಗಡಿಯ ತನಕ ಬಂದು ಮನೆಗೆ ಮರಳಿದ್ದೆ. ಮೂರನೆಯ ದಿನ ನನ್ನ ಅಮ್ಮನ ವಯಸ್ಸಿನ ಒಬ್ಬರು, ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದುಕೊಂಡು, ನನ್ನನ್ನು ದಾಟಿ ಸರಸರನೆ ಮೇಲೆ ಹೋದರು. ಅವರ ಹಿಂದೆಯೇ ನಾನೂ ಹತ್ತಿದೆ.

ಹೆಂಗಸರಿಗೆಂದೇ ಇರುವ ಜಿಮ್ ಬಗ್ಗೆ ಮಾತನಾಡುವಾಗ ಯಂತ್ರಗಳಿಗಿಂತ ಮೊದಲು ಈ ಮೆಟ್ಟಿಲಿನ ವಿಷಯ ಹೇಳಬೇಕು. ಎಷ್ಟೋ ಹೆಂಗಸರ ವ್ಯಾಯಾಮ ನಿಲ್ಲುವುದು ಜಿಮ್ಮಿನ ಬಾಗಿಲಿನಲ್ಲಿಯೇ. ಯಾರು ನೋಡುತ್ತಾರೋ, ಏನಂದುಕೊಳ್ಳುತ್ತಾರೋ, ಯಾವ ಬಟ್ಟೆ ತೊಡಬೇಕೋ ಎಂಬ ಅಳುಕು. ಆ ಅಳುಕನ್ನು ಕಳೆಯುವ ಜಾಗವನ್ನು ನಾನು ಹಗುರವಾಗಿ ಕಾಣುವುದಿಲ್ಲ.

ಸರಿ, ಒಳಗೆ ಹೋಗೋಣ.

(ದೃಶ್ಯ: ವೃತ್ತಾಕಾರದಲ್ಲಿ ಜೋಡಿಸಿದ ಯಂತ್ರಗಳು. ನಡುನಡುವೆ ನಿಂತಲ್ಲೇ ಓಡಲು ಚೌಕಾಕಾರದ ಹಲಗೆಗಳು.)

ಸರ್ಕ್ಯೂಟ್ ಎಂದರೆ ಸುತ್ತು. ಒಂದು ಯಂತ್ರದಲ್ಲಿ ಅರ್ಧ ನಿಮಿಷ ಕಾಲಿನ ಕೆಲಸ, ಪಕ್ಕದ ಹಲಗೆಯ ಮೇಲೆ ಅರ್ಧ ನಿಮಿಷ ನಿಂತಲ್ಲೇ ಓಟ, ಮುಂದಿನ ಯಂತ್ರದಲ್ಲಿ ತೋಳು, ಅದರ ಮುಂದೆ ಬೆನ್ನು. ಸೂಚನೆ ಬಂದಾಗಲೆಲ್ಲ ಎಲ್ಲರೂ ಒಂದೊಂದು ಸ್ಥಾನ ಮುಂದಕ್ಕೆ. ಈ ಪದ್ಧತಿಯನ್ನು 1953ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆ್ಯಂಡರ್ಸನ್ ಎಂಬುವವರು ರೂಪಿಸಿದರು. ಅದನ್ನು 30 ನಿಮಿಷಕ್ಕೆ ಅಳವಡಿಸಿ, ಹೆಂಗಸರಿಗೆ ಮಾತ್ರ ಎಂದು ಜಗತ್ತಿನಾದ್ಯಂತ ಹರಡಿದ್ದು 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಕರ್ವ್ಸ್ ಸಂಸ್ಥೆ. ಮಕ್ಕಳನ್ನು ಶಾಲೆಗೆ ಬಿಟ್ಟು ಅಡುಗೆಯ ಹೊತ್ತಿಗೆ ಮನೆ ಸೇರಬೇಕಾದವರಿಗೆ ಅರ್ಧ ಗಂಟೆಯ ಲೆಕ್ಕ ಚೆನ್ನಾಗಿ ಹೊಂದುತ್ತದೆ.

ಈಗ ಯಂತ್ರವನ್ನು ಹತ್ತಿರದಿಂದ ನೋಡಿ.

(ದೃಶ್ಯ: ಯಂತ್ರದ ಪಕ್ಕದ ಕೊಳವೆಯ ಸಮೀಪದ ನೋಟ.)

ಇಂತಹ ಜಿಮ್‌ಗಳಲ್ಲಿ ಹೆಚ್ಚಾಗಿ ಇರುವುದು ಹೈಡ್ರಾಲಿಕ್ ಯಂತ್ರ. ತೂಕದ ಬಿಲ್ಲೆಗಳಿಲ್ಲ, ಈ ಕೊಳವೆಯೊಳಗಿನ ದ್ರವವೇ ನಿಮ್ಮನ್ನು ತಡೆಯುತ್ತದೆ. ಸ್ಕೂಟರಿನ ಶಾಕ್ ಅಬ್ಸಾರ್ಬರ್ ನೆನಪಿಸಿಕೊಳ್ಳಿ. ಜೋರಾಗಿ ತಳ್ಳಿದರೆ ಜೋರಾಗಿ ತಡೆಯುತ್ತದೆ, ಮೆಲ್ಲಗೆ ತಳ್ಳಿದರೆ ಮೆಲ್ಲಗೆ. ಕೈಬಿಟ್ಟರೂ ಮೈಮೇಲೆ ಬೀಳುವ ಭಾರ ಅಲ್ಲಿಲ್ಲ. ಹೊಸಬರಿಗೆ ಇದಕ್ಕಿಂತ ನಿರಾಳವಾದ ಆರಂಭ ಕಷ್ಟ.

ಆದರೆ ಒಂದು ಮುಖ್ಯವಾದ ಕೊರತೆಯಿದೆ. ತುಂಬಿದ ಕೊಡವನ್ನು ಎತ್ತುವಾಗ ಮಾತ್ರವಲ್ಲ, ನೀರು ಚೆಲ್ಲದಂತೆ ನಿಧಾನವಾಗಿ ಕೆಳಗಿಡುವಾಗಲೂ ನಿಮ್ಮ ತೋಳು ಬಿಗಿ ಹಿಡಿದಿರುತ್ತದೆ, ಅಲ್ಲವೇ? ಇಳಿಸುವ ಆ ಕೆಲಸವೂ ಸ್ನಾಯುವನ್ನು ಬೆಳೆಸುತ್ತದೆ. ಹೈಡ್ರಾಲಿಕ್ ಯಂತ್ರದಲ್ಲಿ ತಳ್ಳುವುದು, ಎಳೆಯುವುದು ಇದೆ, ಭಾರವನ್ನು ತಾಳಿಕೊಂಡು ಇಳಿಸುವುದು ಇಲ್ಲ. ಮರುದಿನ ಮೈಕೈ ನೋವು ಕಡಿಮೆ ಇರುವುದಕ್ಕೆ ಕಾರಣ ಅದೇ. ಒಂದು ಹಂತದ ನಂತರ ಪ್ರಗತಿ ನಿಂತುಹೋಗುವುದಕ್ಕೆ ಇರುವ ಕಾರಣಗಳಲ್ಲಿಯೂ ಅದು ಒಂದು.

ಮೈ ಟೋನ್ ಆಗಬೇಕು ಎನ್ನುತ್ತೇವಲ್ಲ, ದೇಹದೊಳಗೆ ಅದಕ್ಕೆಂದೇ ಬೇರೆ ಪ್ರಕ್ರಿಯೆ ಯಾವುದೂ ಇಲ್ಲ. ಸ್ನಾಯು ಸ್ವಲ್ಪ ಬೆಳೆಯಬೇಕು, ಮೇಲಿನ ಕೊಬ್ಬು ಸ್ವಲ್ಪ ಇಳಿಯಬೇಕು. ತೋಳಿನ ಯಂತ್ರದಲ್ಲಿ ಎಷ್ಟು ಹೊತ್ತು ಕುಳಿತರೂ ತೋಳಿನ ಕೊಬ್ಬು ಮಾತ್ರ ಆರಿಸಿ ಕರಗುವುದಿಲ್ಲ. ಮೊದಲ ಆರೆಂಟು ವಾರ ಶಕ್ತಿ ಬೇಗ ಹೆಚ್ಚುತ್ತದೆ. ಅದು ಬಹುಪಾಲು ಇರುವ ಸ್ನಾಯುವನ್ನು ನರಗಳು ಚೆನ್ನಾಗಿ ಬಳಸಲು ಕಲಿತದ್ದರ ಫಲ. ಕಣ್ಣಿಗೆ ಕಾಣುವ ಬದಲಾವಣೆ ಆಮೇಲಿನದು, ಮತ್ತು ಅದು ಬರಬೇಕಾದರೆ ಭಾರ ಹಂತಹಂತವಾಗಿ ಏರುತ್ತಲೇ ಇರಬೇಕು.

ನನಗೆ ತೊಡಕಾದದ್ದು ಅಲ್ಲಿಯೇ. ಮೊದಲ ಮೂರು ತಿಂಗಳು ಹಬ್ಬದಂತಿತ್ತು. ನಿದ್ರೆ ಚೆನ್ನಾಗಿ ಬಂತು, ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ನಾಲ್ಕನೆಯ ತಿಂಗಳಿನಿಂದ ಅದೇ ಸುತ್ತು, ಅದೇ ವೇಗ. ಮೂಲೆಯಲ್ಲಿ 2 ಕೆಜಿಯ ಡಂಬೆಲ್‌ಗಳಿದ್ದವು. ಅದಕ್ಕಿಂತ ಭಾರದ್ದು ಇದೆಯೇ ಎಂದು ಕೇಳಿದೆ. "ಬೇಡ ಮೇಡಂ, ತೋಳು ಗಂಡಸರ ಹಾಗೆ ಆಗಿಬಿಡುತ್ತದೆ" ಎಂದರು ಟ್ರೇನರ್.

ಈ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ಸ್ನಾಯು ದಪ್ಪವಾಗಲು ನೆರವಾಗುವ ಟೆಸ್ಟೋಸ್ಟಿರಾನ್ ಹೆಂಗಸರ ದೇಹದಲ್ಲಿ ಗಂಡಸರಿಗಿಂತ ಎಷ್ಟೋ ಪಟ್ಟು ಕಡಿಮೆ. 5 ಕೆಜಿಯ ಡಂಬೆಲ್‌ನಿಂದ ಯಾರ ತೋಳೂ ಹಾಗಾಗುವುದಿಲ್ಲ. ಅಲ್ಲದೆ ಆ ಜಿಮ್ಮಿಗೆ ಬರುತ್ತಿದ್ದವರೆಲ್ಲ ಮನೆಯಲ್ಲಿ 20 ಲೀಟರಿನ ನೀರಿನ ಕ್ಯಾನ್ ಎತ್ತಿ ಮಗುಚುವವರು. 14.2 ಕೆಜಿ ಗ್ಯಾಸ್ ತುಂಬಿದ ಸಿಲಿಂಡರನ್ನು, ಅದರ ಕಬ್ಬಿಣದ ತೂಕವೂ ಸೇರಿದಂತೆ, ಬಾಲ್ಕನಿಯಿಂದ ಅಡುಗೆಮನೆಗೆ ಸರಿಸುವವರು. ಮನೆಗೆಲಸಕ್ಕೆ ಬೇಕಾದ ಬಲ ವ್ಯಾಯಾಮಕ್ಕೆ ಬೇಡವೆಂದರೆ ಹೇಗೆ? 30 ದಾಟಿದ ಮೇಲೆ ಸ್ನಾಯು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಮುಟ್ಟು ನಿಂತ ಮೇಲೆ ಮೂಳೆಯೂ ವೇಗವಾಗಿ ಸವೆಯುತ್ತದೆ. ಭಾರ ಎತ್ತುವುದು ಎರಡಕ್ಕೂ ಬೇಕು.

ಹಾಗಾದರೆ ಸೇರಬೇಕೇ? ಎಂದೂ ವ್ಯಾಯಾಮ ಮಾಡದವರಾದರೆ ಖಂಡಿತ ಸೇರಿ. ಆದರೆ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಕೊಟ್ಟರೂ ಮೂರು ತಿಂಗಳಿಗೆ ಕಟ್ಟಿ. ಟ್ರಯಲ್ ದಿನ ಒಂದು ಪ್ರಶ್ನೆ ಕೇಳಿ: "ಮೂರು ತಿಂಗಳ ನಂತರ ನಾನು ಎತ್ತುವ ಭಾರವನ್ನು ಹೇಗೆ ಹೆಚ್ಚಿಸುತ್ತೀರಿ?" ಡಂಬೆಲ್ ಸಾಲನ್ನು ತೋರಿಸಿದರೆ, ಬಿಲ್ಲೆಗಳ ಯಂತ್ರ ತೋರಿಸಿದರೆ ಒಳ್ಳೆಯದು. "ಇನ್ನೂ ಬೆವರು ಹರಿಸಿ" ಎಂದಷ್ಟೇ ಹೇಳಿದರೆ ಮೂರು ತಿಂಗಳು ಕಲಿತು ಮುಂದಿನ ಜಾಗ ಹುಡುಕಿ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿರುವುದನ್ನೇ ಆರಿಸಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆಯ ವ್ಯಾಯಾಮ ಒಂದೂವರೆ ಗಂಟೆಯ ಪ್ರಯಾಣವಾದರೆ ಎರಡನೇ ವಾರಕ್ಕೇ ಬಿಟ್ಟುಹೋಗುತ್ತದೆ.

ವಾರಕ್ಕೆ ಮೂರು ದಿನ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಮತ್ತು ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮೂರು ದಿನದ ಅರ್ಧರ್ಧ ಗಂಟೆಯಿಂದ 90 ನಿಮಿಷವಾಯಿತು. ಉಳಿದದ್ದಕ್ಕೆ ಹತ್ತಿರದ ಪಾರ್ಕಿನಲ್ಲಿ ಬಿರುಸಾಗಿ ನಡೆಯಿರಿ.

ಊಟದ ಬಗ್ಗೆ ಒಂದೇ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 55 ಕೆಜಿಯವರಿಗೆ ಸುಮಾರು 46 ಗ್ರಾಂ. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮತ್ತೆ ಅನ್ನ ಎಂದರೆ ಅಷ್ಟು ಸಿಗುವುದು ಕಷ್ಟ. ಹೆಸರುಬೇಳೆ ಕೋಸಂಬರಿ, ಮೊಳಕೆಕಾಳಿನ ಪಲ್ಯ, ಮೊಸರು, ತಿನ್ನುವವರಾದರೆ ಮೊಟ್ಟೆ. ಎಲ್ಲರಿಗೂ ಬಡಿಸಿ ಉಳಿದ ಸಾರಿನ ನೀರಿನಲ್ಲಿ ಊಟ ಮುಗಿಸಬೇಡಿ, ಕಾಳು ಮೊದಲು ನಿಮ್ಮ ತಟ್ಟೆಗೂ ಬರಲಿ.

ಎರಡನೇ ಸುತ್ತಿಗೇ ತಲೆ ಸುತ್ತುತ್ತಿದ್ದರೆ ಅಭ್ಯಾಸವಿಲ್ಲ ಎಂದು ತಳ್ಳಿಹಾಕದೆ ಹಿಮೋಗ್ಲೋಬಿನ್ ಪರೀಕ್ಷಿಸಿಕೊಳ್ಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಬಾಣಂತಿಯರು, ರಕ್ತದೊತ್ತಡ ಇರುವವರು, ಮಂಡಿನೋವಿನವರು ವೈದ್ಯರನ್ನು ಕೇಳಿಯೇ ಶುರು ಮಾಡಿ.

(ದೃಶ್ಯ: ರಟ್ಟು ಮಾಸಿದ ಒಂದು ನೋಟ್‌ಬುಕ್.)

ಇದು ನನ್ನ ಪುಸ್ತಕ. ಮೊದಲ ಪುಟ: "ಕುರ್ಚಿಯಲ್ಲಿ ಕೂತು ಏಳುವುದು, 8 ಸಲ, ಬರಿಗೈ." ಜಿಮ್ ಬದಲಿಸಿದ ಮೇಲಿನ ಪುಟಗಳು: 4 ಕೆಜಿ, 6 ಕೆಜಿ, 10 ಕೆಜಿ. ಇದು ಕಳೆದ ಶುಕ್ರವಾರದ್ದು: "16 ಕೆಜಿ, 10 ಸಲ." ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೇನೆ, "ಸೋಮವಾರ 18."