ಬಲಗೈಯ ಪಾಠ: ಬ್ಲೂಗ್ರಾಸ್ ಗಿಟಾರ್ ಮತ್ತು ದೂರದ ಗುರು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ದಕ್ಷಿಣ ಭಾಗದ ಬೆಟ್ಟಸೀಮೆಗಳಲ್ಲಿ ಬೇರುಬಿಟ್ಟ ಬ್ಲೂಗ್ರಾಸ್ ಎಂಬ ಸಂಗೀತವನ್ನು, ಅದರಲ್ಲಿಯೂ ಫ್ಲಾಟ್‌ಪಿಕಿಂಗ್ ಎಂದು ಕರೆಯಲಾಗುವ ಗಿಟಾರ್ ವಾದನದ ಪದ್ಧತಿಯನ್ನು, ರಾಯಚೂರಿನಲ್ಲಿ ಕುಳಿತು ಅಂತರ್ಜಾಲದ ಮೂಲಕ ಕಲಿಯುವ ಬಗೆಯನ್ನು ಕುರಿತು ಈ ಹೊತ್ತು ಮಾತನಾಡಲಿದ್ದೇನೆ. ನಾನೂ ಈ ವಾದ್ಯದ ವಿದ್ಯಾರ್ಥಿಯೇ. ನಮ್ಮ ಜಿಲ್ಲೆಯಲ್ಲಿಯೂ ನೆರೆಯ ಕೊಪ್ಪಳ, ಬಳ್ಳಾರಿಗಳಲ್ಲಿಯೂ ಗಿಟಾರ್ ಹಿಡಿದ ಹುಡುಗ ಹುಡುಗಿಯರನ್ನು ಈಗ ಕಾಣುತ್ತೇವೆ. ಅವರಲ್ಲಿ ಅನೇಕರು ಮೊಬೈಲಿನ ಪರದೆಯನ್ನು ನೋಡಿಯೇ ಕಲಿಯುತ್ತಿದ್ದಾರೆ. ಪಾಠದ ವೀಡಿಯೋಗಳಿಗೆ ಬರವಿಲ್ಲ. ಬರವಿರುವುದು, ನಾವು ನುಡಿಸಿದ್ದನ್ನು ಕೊನೆಯವರೆಗೆ ಕೇಳಿ, ಇಂಥ ಜಾಗದಲ್ಲಿ ಕೈ ತಪ್ಪುತ್ತಿದೆ ಎಂದು ಬೆರಳಿಟ್ಟು ತೋರಿಸುವವರಿಗೆ. ಆ ಉತ್ತರವೇ ನಿಜವಾದ ಪಾಠ ಎಂಬುದು ನನ್ನ ನಂಬಿಕೆ.

ಮೊದಲು ಈ ಸಂಗೀತದ ಪರಿಚಯ. ಕೆಂಟಕಿ ರಾಜ್ಯದ ರೋಸೀನ್ ಎಂಬ ಚಿಕ್ಕ ಊರಿನಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ಎಂಬ ಮ್ಯಾಂಡೊಲಿನ್ ವಾದಕರು ತಮ್ಮ ರಾಜ್ಯದ ಅಡ್ಡಹೆಸರನ್ನೇ ಬಳಸಿಕೊಂಡು ತಂಡಕ್ಕೆ ಬ್ಲೂ ಗ್ರಾಸ್ ಬಾಯ್ಸ್ ಎಂದು ಹೆಸರಿಟ್ಟರು. ಕ್ರಮೇಣ ಅದು ಆ ಸಂಗೀತ ಪ್ರಕಾರದ ಹೆಸರೇ ಆಯಿತು. 1939ರಲ್ಲಿ ಅವರು ನ್ಯಾಶ್‌ವಿಲ್ ನಗರದ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಪ್ರಸಿದ್ಧ ಬಾನುಲಿ ಕಾರ್ಯಕ್ರಮವನ್ನು ಸೇರಿದ ಮೇಲೆ, ಈ ಸಂಗೀತವು ಹೊಲಮನೆಗಳ ರೇಡಿಯೋಗಳವರೆಗೆ ತಲುಪಿತು. ಪಿಟೀಲು, ಮ್ಯಾಂಡೊಲಿನ್, ಐದು ತಂತಿಯ ಬ್ಯಾಂಜೋ, ಗಿಟಾರ್ ಮತ್ತು ನಿಂತು ನುಡಿಸುವ ದೊಡ್ಡ ಬಾಸ್, ಇವಿಷ್ಟೇ ಅದರ ಮುಖ್ಯ ವಾದ್ಯಗಳು. ನಮ್ಮ ಮದುವೆ ಮೆರವಣಿಗೆಗಳಲ್ಲಿ ಕೇಳುವ, ಗುಂಡಿಗಳನ್ನು ಒತ್ತಿ ನುಡಿಸುವ ಬ್ಯಾಂಜೋ ಬೇರೆ, ಇದು ಬೇರೆ. ಸಾಂಪ್ರದಾಯಿಕ ತಂಡದಲ್ಲಿ ತಾಳವಾದ್ಯವಿರುವುದಿಲ್ಲವಾದ್ದರಿಂದ ಲಯವನ್ನು ಹೊರುವ ಭಾರವೆಲ್ಲ ತಂತಿವಾದ್ಯಗಳ ಮೇಲೆಯೇ ಬೀಳುತ್ತದೆ. ಆರಂಭದ ದಶಕಗಳಲ್ಲಿ ಗಿಟಾರಿಗೆ ಬಹುಮಟ್ಟಿಗೆ ಪಕ್ಕವಾದ್ಯದ ಸ್ಥಾನವಷ್ಟೇ ಇತ್ತು.

ಆ ಸ್ಥಾನವನ್ನು ಬದಲಿಸಿದವರಲ್ಲಿ ಮುಖ್ಯರಾದವರು ಡಾಕ್ ವಾಟ್ಸನ್. ನಾರ್ತ್ ಕ್ಯಾರೊಲೈನಾ ರಾಜ್ಯದ ಡೀಪ್ ಗ್ಯಾಪ್ ಎಂಬಲ್ಲಿ 1923ರ ಮಾರ್ಚ್ 3ರಂದು ಹುಟ್ಟಿದ ಅವರು ಎರಡು ವರ್ಷ ತುಂಬುವ ಮೊದಲೇ ದೃಷ್ಟಿಯನ್ನು ಕಳೆದುಕೊಂಡರು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಮ್ಮ ಸೀಮೆಯ ಕೇಳುಗರಿಗೆ ಇಲ್ಲಿ ಡಾ. ಪುಟ್ಟರಾಜ ಗವಾಯಿಗಳ ನೆನಪಾಗದೆ ಇರದು. ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು ಹುಟ್ಟಿದ್ದೂ ಮಾರ್ಚ್ 3ರಂದೇ, 1914ರಲ್ಲಿ. ವಾಟ್ಸನ್ 1950ರ ದಶಕದಲ್ಲಿ ಕುಣಿತಕ್ಕೆ ನುಡಿಸುವ ಒಂದು ತಂಡದಲ್ಲಿದ್ದರು. ಆ ತಂಡದಲ್ಲಿ ಪಿಟೀಲು ನುಡಿಸುವವರು ಇರಲಿಲ್ಲ, ಆದರೆ ಕುಣಿಯುವವರಿಗೆ ಪಿಟೀಲಿನ ಮಟ್ಟುಗಳೇ ಬೇಕಾಗಿದ್ದವು. ವಾಟ್ಸನ್ ಆ ಮಟ್ಟುಗಳನ್ನೆಲ್ಲ ಎಲೆಕ್ಟ್ರಿಕ್ ಗಿಟಾರಿನ ಮೇಲೆ ಕೂಡಿಸಿಕೊಂಡರು. ಮುಂದೆ 1960ರ ದಶಕದಲ್ಲಿ ಅದೇ ವಿದ್ಯೆಯನ್ನು ಸಾದಾ ಮರದ ಗಿಟಾರಿಗೆ ತಂದು ದೊಡ್ಡ ಸಭೆಗಳಲ್ಲಿ ನುಡಿಸಿದಾಗ, ಕೇಳಿದವರಿಗೆ ಗಿಟಾರಿನಿಂದ ಇಷ್ಟು ಸಾಧ್ಯವೆಂದು ಹೊಸದಾಗಿ ತಿಳಿಯಿತು. ಪಿಟೀಲಿನ ಕಮಾನು ಎರಡೂ ದಿಕ್ಕಿಗೆ ಸಲೀಸಾಗಿ ಓಡುತ್ತದೆ. ಆ ಓಟವನ್ನು, ಬೆರಳುಗಳಲ್ಲಿ ಹಿಡಿದು ತಂತಿ ಮೀಟುವ ಚಪ್ಪಟೆ ಬಿಲ್ಲೆಯಾದ ಒಂದು ಚಿಕ್ಕ ಪಿಕ್‌ನಿಂದ ಸಾಧಿಸಬೇಕಾದುದೇ ಈ ಪದ್ಧತಿಯ ಕಷ್ಟ, ಅದೇ ಅದರ ಸೊಗಸು. ವಾಟ್ಸನ್ ಅವರ ತರುವಾಯ ಬಂದ ಕ್ಲಾರೆನ್ಸ್ ವೈಟ್, ಟೋನಿ ರೈಸ್ ಮೊದಲಾದವರು ಇದಕ್ಕೆ ಹೊಸ ದಾರಿಗಳನ್ನು ತೆರೆದರು.

ಅಂದಿನ ವಿದ್ಯಾರ್ಥಿಗಳಿಗೆ ಇದ್ದದ್ದು ಬಾನುಲಿ ಮತ್ತು ಧ್ವನಿಮುದ್ರಿಕೆಗಳು. ಮುದ್ರಿಕೆಯ ವೇಗವನ್ನು ಅರ್ಧಕ್ಕೆ ಇಳಿಸಿ, ಸ್ವರಗಳೆಲ್ಲ ಒಂದು ಸ್ಥಾಯಿ ಕೆಳಗೆ ಬಿದ್ದರೂ ಚಿಂತೆಯಿಲ್ಲವೆಂದು, ಒಂದೊಂದೇ ಸ್ವರವನ್ನು ಹೆಕ್ಕಿ ಕಲಿಯುತ್ತಿದ್ದರು. ಆಮೇಲೆ ತಂತಿಗಳನ್ನೂ ಗಿಟಾರಿನ ಕೊರಳಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್ಟುಗಳನ್ನೂ ಅಂಕಿಗಳಲ್ಲಿ ಬರೆದು ತೋರಿಸುವ ಟ್ಯಾಬ್ ಪುಸ್ತಕಗಳು ಬಂದವು. ಈಗ ಸ್ಥಾಯಿ ಕೆಡದಂತೆ ವೇಗವನ್ನು ಇಳಿಸುವ ಸೌಲಭ್ಯ ಮೊಬೈಲಿನಲ್ಲಿಯೇ ಇದೆ. ಆದರೆ ಇವೆಲ್ಲವೂ ನಮಗೆ ಸಂಗೀತವನ್ನು ಕೇಳಿಸುತ್ತವೆ, ತೋರಿಸುತ್ತವೆ; ನಮ್ಮನ್ನು ಕೇಳಿಸಿಕೊಳ್ಳುವುದಿಲ್ಲ.

ಕೇಳಿಸಿಕೊಳ್ಳುವವರು ಏಕೆ ಬೇಕು? ಫ್ಲಾಟ್‌ಪಿಕಿಂಗಿನ ಮರ್ಮ ಎಡಗೈಯಲ್ಲಿಲ್ಲ, ಬಲಗೈಯಲ್ಲಿದೆ. ಹೊಸಬರ ಕಣ್ಣು ಮಾತ್ರ ಸದಾ ಎಡಗೈಯ ಬೆರಳುಗಳ ಮೇಲೆಯೇ ಇರುತ್ತದೆ. ನಮ್ಮ ಭಜನೆಗಳಲ್ಲಿ ತಬಲಾದವರು ಹಿಡಿಯುವ ಕೆಹರವಾ ತಾಳವನ್ನು ನೆನೆದುಕೊಳ್ಳಿ: ಧಾ ಗೆ ನ ತಿ, ನ ಕ ಧಿ ನ, ಒಟ್ಟು ಎಂಟು ಮಾತ್ರೆಗಳು. ಬ್ಲೂಗ್ರಾಸ್ ಮಟ್ಟಿನ ಒಂದು ಆವರ್ತವನ್ನೂ ಹೀಗೆಯೇ ಎಂಟಾಗಿ ಎಣಿಸಬಹುದು. ಒಂದು, ಮೂರು, ಐದು, ಏಳನೆಯ ಮಾತ್ರೆಗಳಲ್ಲಿ ಪಿಕ್ ಕೆಳಮುಖವಾಗಿ ಬರಬೇಕು. ಎರಡು, ನಾಲ್ಕು, ಆರು, ಎಂಟರಲ್ಲಿ ಮೇಲ್ಮುಖವಾಗಿ ಹೋಗಬೇಕು. ಯಾವುದೋ ಮಾತ್ರೆಯಲ್ಲಿ ಸ್ವರವೇ ಇಲ್ಲದಿದ್ದರೂ ಕೈ ನಿಲ್ಲುವಂತಿಲ್ಲ. ತಂತಿಯನ್ನು ಮುಟ್ಟದೆ ತನ್ನ ಪಾಲಿನ ಚಲನೆಯನ್ನು ಅದು ಪೂರೈಸಿಯೇ ತೀರಬೇಕು.

ಈ ನಿಯಮ ನಮಗೆ ಹೊರಗಿನದೇನೂ ಅಲ್ಲ. ಸರೋದಿನವರು ತೆಂಗಿನ ಚಿಪ್ಪಿನ ಜವಾದಿಂದ ಕೆಳಮುಖವಾಗಿ ಹೊಡೆದರೆ ‘ದಾ’, ಮೇಲ್ಮುಖವಾಗಿ ಹೊಡೆದರೆ ‘ರಾ’ ಎನ್ನುತ್ತಾರೆ. ನಮ್ಮ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರ ಮಗ ರಾಜೀವ ತಾರಾನಾಥರು (1932–2024) ಇದೇ ಸರೋದಿನ ದೊಡ್ಡ ವಾದಕರು; ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯರಾಗಿದ್ದ ಅವರು ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಅಧ್ಯಾಪಕರಾಗಿ ಅಲ್ಲಿನವರಿಗೆ ನಮ್ಮ ಸಂಗೀತವನ್ನು ಕಲಿಸಿದರು. ನಾವು ಅಲ್ಲಿನ ವಿದ್ಯೆಯನ್ನು ಇಲ್ಲಿ ಕಲಿಯುವಾಗ, ದಾ ರಾ ದಾ ರಾ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ನುಡಿಸಿದರೆ ಪಿಕ್‌ನ ದಿಕ್ಕು ಬೇಗ ಹತ್ತುತ್ತದೆ. ನಾನು ಕಂಡಂತೆ, ಈ ಭಾಗದ ಕಲಿಯುವವರಿಗೆ ಇದಕ್ಕಿಂತ ಸುಲಭವಾದ ಕೀಲಿಕೈ ಇಲ್ಲ.

ಗಂಗಾವತಿಯ ಒಬ್ಬ ತರುಣನ ಉದಾಹರಣೆಯನ್ನು ಹೇಳುತ್ತೇನೆ. ಒಂದು ಪಿಟೀಲಿನ ಮಟ್ಟನ್ನು ಅವನು ನಿಮಿಷಕ್ಕೆ 70 ಎಣಿಕೆಯ ವೇಗದಲ್ಲಿ ಸೊಗಸಾಗಿ ನುಡಿಸುತ್ತಿದ್ದ. 90ಕ್ಕೆ ಏರಿಸಿದ ಕೂಡಲೇ ಅದು ನಾಲ್ಕನೆಯ ಆವರ್ತದಲ್ಲಿ ಮುರಿದು ಬೀಳುತ್ತಿತ್ತು. ವೇಗ ಸಾಲದು, ಇನ್ನಷ್ಟು ತಿಕ್ಕಬೇಕು ಎಂದೇ ಅವನು ತಿಳಿದಿದ್ದ. ತಾನು ನುಡಿಸಿದ್ದನ್ನು ಚಿತ್ರೀಕರಿಸಿ ಅಮೆರಿಕದ ಶಿಕ್ಷಕರಿಗೆ ಕಳುಹಿಸಿದಾಗ ಬಂದ ಉತ್ತರದ ವೀಡಿಯೋದಲ್ಲಿ ವೇಗದ ಪ್ರಸ್ತಾಪವೇ ಇರಲಿಲ್ಲ. ನಾಲ್ಕನೆಯ ಆವರ್ತದ ಆರಂಭದಲ್ಲಿ ಎರಡು ಮಾತ್ರೆ ಉದ್ದದ ಒಂದು ಸ್ವರವಿದೆ. ಅದನ್ನು ಹೊಡೆದ ಮೇಲೆ ಅವನ ಮಣಿಕಟ್ಟು ನಿಂತುಬಿಡುತ್ತಿತ್ತು. ಕೆಳಗೆ ಬಂದ ಕೈ ಸದ್ದಿಲ್ಲದೆ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬರಬೇಕಾದಲ್ಲಿ, ನಿಂತಲ್ಲಿಂದಲೇ ಮೇಲಕ್ಕೆ ಹೋಗುತ್ತಿತ್ತು. ಅಲ್ಲಿಂದ ಮುಂದೆ ಇಡೀ ಸಾಲು ತಲೆಕೆಳಗು: ದಾ ಇರಬೇಕಾದಲ್ಲಿ ರಾ, ರಾ ಇರಬೇಕಾದಲ್ಲಿ ದಾ. ನಿಧಾನದಲ್ಲಿ ಇದು ಕಿವಿಗೆ ತಿಳಿಯುವುದೇ ಇಲ್ಲ. ವೇಗ ಹೆಚ್ಚಿದಾಗ ತಂತಿಯಿಂದ ತಂತಿಗೆ ದಾಟುವ ಜಾಗದಲ್ಲಿ ಪಿಕ್ ಸಿಕ್ಕಿಬೀಳುತ್ತದೆ. ಶಿಕ್ಷಕರು ಆ ಒಂದೇ ಸ್ವರವನ್ನೂ ಅದರ ಆಚೆಯ ಮೂರು ಸ್ವರಗಳನ್ನೂ ಬಿಡಿಸಿಕೊಂಡು, 60ರ ವೇಗದಲ್ಲಿ, ಮುಟ್ಟದ ಚಲನೆಯನ್ನು ಎದ್ದು ಕಾಣುವಂತೆ ದೊಡ್ಡದಾಗಿ ಮಾಡಿ ತೋರಿಸಿದ್ದರು. ಇಂಥ ದೋಷವನ್ನು ನುಡಿಸುವವನು ತಾನೇ ಕಂಡುಕೊಳ್ಳುವುದು ಬಹಳ ಕಷ್ಟ, ಏಕೆಂದರೆ ಅದು ಕೇಳಿಸುವ ಸ್ವರದಲ್ಲಿಲ್ಲ, ಕೇಳಿಸದ ಚಲನೆಯಲ್ಲಿದೆ.

ಪಾಠವನ್ನು ನೇರವಾಗಿ, ಎದುರುಬದುರು ವೀಡಿಯೋ ಕರೆಯಲ್ಲಿಯೇ ಕಲಿಯಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಮಾತನಾಡಲು, ಪ್ರಶ್ನೆ ಕೇಳಲು ಅದು ಚೆನ್ನಾಗಿಯೇ ಇದೆ. ಅಮೆರಿಕದ ಪೂರ್ವ ತೀರದ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದಿರುವುದರಿಂದ ಸಂಜೆಯ ಹೊತ್ತನ್ನು ಹೊಂದಿಸಿಕೊಳ್ಳಲೂಬಹುದು. ಆದರೆ ಜೊತೆಯಾಗಿ ನುಡಿಸಲು ಆಗುವುದಿಲ್ಲ. ಬ್ಲೂಗ್ರಾಸ್ ಮಟ್ಟುಗಳು ಓಡುವ ಸಾಮಾನ್ಯ ವೇಗದಲ್ಲಿ ಒಂದು ಮಾತ್ರೆಯ ಅವಧಿ ಸೆಕೆಂಡಿನ ನೂರರಲ್ಲಿ ಹದಿನೈದು ಪಾಲಿನಷ್ಟು. ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುತ್ತದೆ. ಇಲ್ಲಿಂದ ನಾರ್ತ್ ಕ್ಯಾರೊಲೈನಾಕ್ಕೆ ಹದಿಮೂರು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರವಿದೆ. ಹೋಗಿ ಬರುವ ಪಯಣಕ್ಕೇ ಹೆಚ್ಚು ಕಡಿಮೆ ಒಂದು ಮಾತ್ರೆ ಕಳೆಯುತ್ತದೆ, ಕೇಬಲ್ಲಿನ ಸುತ್ತುಬಳಸು, ಯಂತ್ರಗಳ ವಿಳಂಬ ಸೇರಿದರೆ ಇನ್ನೂ ಹೆಚ್ಚು. ಎಷ್ಟು ಹಣ ಕೊಟ್ಟು ಎಂಥ ಇಂಟರ್‌ನೆಟ್ ಹಾಕಿಸಿದರೂ ಈ ಅಂತರ ಹೋಗದು. ಆದ್ದರಿಂದಲೇ, ವಿದ್ಯಾರ್ಥಿ ಚಿತ್ರೀಕರಿಸಿ ಕಳುಹಿಸುವುದು, ಶಿಕ್ಷಕರು ನೋಡಿ ಉತ್ತರವನ್ನೂ ಚಿತ್ರೀಕರಿಸಿ ಕಳುಹಿಸುವುದು ಎಂಬ ಕ್ರಮ ಈ ವಿದ್ಯೆಗೆ ಹೆಚ್ಚು ಒಗ್ಗಿದೆ. ಡಾಕ್ ವಾಟ್ಸನ್ ಅವರೊಡನೆ ನುಡಿಸಿದ ಒಂದು ಮಟ್ಟಿಗಾಗಿ 2007ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಹಂಚಿಕೊಂಡ ಬ್ರಯನ್ ಸಟನ್ ಅವರಂಥ ಮೇಲ್ಮಟ್ಟದ ವಾದಕರೂ ಈ ಕ್ರಮದಲ್ಲಿ ಪಾಠ ಹೇಳುತ್ತ ಬಂದಿದ್ದಾರೆ.

ಈ ಕ್ರಮದಲ್ಲಿ ಕಲಿಸುವ ಅಂತರ್ಜಾಲದ ಪಾಠಶಾಲೆಗಳಲ್ಲಿ ಒಬ್ಬರ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರವನ್ನೂ ಉಳಿದ ವಿದ್ಯಾರ್ಥಿಗಳೆಲ್ಲ ನೋಡಬಹುದು. ನನಗೆ ಇದು ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಗುರುವಿನ ಮನೆಯ ಪಡಸಾಲೆಯಲ್ಲಿ ತನ್ನ ಸರದಿಗಾಗಿ ಕಾದು ಕುಳಿತವನು ಇನ್ನೊಬ್ಬನ ಪಾಠವನ್ನು ಕೇಳಿ ಕಲಿಯುವ ಹಾಗೆ, ನಮಗಿಂತ ಒಂದೆರಡು ಹೆಜ್ಜೆ ಮುಂದಿರುವವರಿಗೆ ಬಂದ ಉತ್ತರಗಳು ನಾಳೆ ನಮಗೆ ಎದುರಾಗುವ ತೊಡಕನ್ನು ಇಂದೇ ತೋರಿಸಿಕೊಡುತ್ತವೆ. ಶಿಕ್ಷಕರ ಇಂಗ್ಲಿಷ್ ಉಚ್ಚಾರಣೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಮೊದಲು ಗಡುಚಾಗಿ ಕೇಳಿಸಬಹುದು. ಪರದೆಯ ಕೆಳಗೆ ಮಾತಿನ ಅಕ್ಷರಗಳು ಮೂಡುವಂತೆ ಮಾಡಿಕೊಂಡು, ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಆ ತೊಂದರೆ ದಾಟಿಹೋಗುತ್ತದೆ.

ಕಳುಹಿಸುವ ವೀಡಿಯೋ ಹೇಗಿರಬೇಕು ಎಂಬುದೂ ಮುಖ್ಯ. ಮುಖಕ್ಕಿಂತ ಬಲಗೈ ಚೆನ್ನಾಗಿ ಕಾಣಬೇಕು. ಮೊಬೈಲನ್ನು ಗಿಟಾರಿನ ಬಾಯಿಯ ಮಟ್ಟಕ್ಕೆ, ಎರಡು ಮೂರು ಅಡಿ ದೂರದಲ್ಲಿ, ಯಾವುದಾದರೂ ಗಟ್ಟಿ ಆಸರೆಯ ಮೇಲೆ ನಿಲ್ಲಿಸಿ. ಕಿಟಕಿಯ ಬೆಳಕು ಕೈಯ ಮೇಲೆ ಬೀಳಲಿ, ಬೆನ್ನ ಹಿಂದಿನಿಂದ ಬೇಡ. ಫ್ಯಾನ್ ಮತ್ತು ಕೂಲರನ್ನು ಆ ಐದು ನಿಮಿಷ ಆರಿಸಿ. ಸಮಲಯದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೋನೋಮಿನ ಸದ್ದು ವೀಡಿಯೋದಲ್ಲಿ ಕೇಳಿಸುತ್ತಿರಲಿ, ಏಕೆಂದರೆ ನೀವು ಅದಕ್ಕಿಂತ ಮುಂದೆ ಓಡುತ್ತಿರುವಿರೋ ಹಿಂದೆ ಉಳಿಯುತ್ತಿರುವಿರೋ ಎಂಬುದನ್ನು ಶಿಕ್ಷಕರು ಅದರಿಂದಲೇ ಅಳೆಯುತ್ತಾರೆ. ಮಟ್ಟನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿನಲ್ಲಿ ನುಡಿಸಿ. ಚೆನ್ನಾಗಿ ಬಂದ ತುಣುಕುಗಳನ್ನು ಮಾತ್ರ ಜೋಡಿಸಿ ಕಳುಹಿಸುವವರಿಗೆ ಬರುವ ಉತ್ತರ ಹೊಗಳಿಕೆಯಾಗಿರುತ್ತದೆಯೇ ಹೊರತು ಪಾಠವಾಗಿರುವುದಿಲ್ಲ. ಜೊತೆಗೆ ಒಂದೇ ಒಂದು ಪ್ರಶ್ನೆಯನ್ನು ಕೇಳಿ. ಉತ್ತರ ಬಂದ ಮರುದಿನವೇ ಇನ್ನೊಂದು ಮಟ್ಟನ್ನು ಕಳುಹಿಸುವ ಆತುರ ಬೇಡ. ಹೇಳಿದ ತಿದ್ದುಪಡಿ ಕೈಗೆ ಇಳಿಯುವವರೆಗೆ ವಾರಗಟ್ಟಲೆ ಅದರ ಮೇಲೆಯೇ ಕುಳಿತು, ತಿದ್ದಿದ ಅದೇ ಮಟ್ಟನ್ನು ಮತ್ತೆ ಕಳುಹಿಸಿದವರು ಮುಂದೆ ಹೋಗಿದ್ದನ್ನು ಕಂಡಿದ್ದೇನೆ. ಹತ್ತಾರು ಪಾಠಗಳನ್ನು ನೋಡಿ ಮುಗಿಸುವುದಕ್ಕೂ ಕಲಿಯುವುದಕ್ಕೂ ಸಂಬಂಧ ಕಡಿಮೆ.

ವಾದ್ಯದ ಬಗ್ಗೆ ಒಂದು ಮಾತು. ಉಕ್ಕಿನ ತಂತಿಯ, ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಗಿಟಾರ್ ಈ ಪದ್ಧತಿಗೆ ಹೇಳಿ ಮಾಡಿಸಿದ್ದು. ಪಿಕ್ ಒಂದು ಮಿಲಿಮೀಟರಿಗಿಂತ ದಪ್ಪವಾಗಿದ್ದರೆ ಒಳ್ಳೆಯದು. ಮರದ ಗಿಟಾರಿಗೆ ಗಾಳಿಯಲ್ಲಿ ಶೇಕಡಾ 45ರಿಂದ 55ರಷ್ಟು ತೇವಾಂಶ ಹಿತ. ನಮ್ಮ ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ ಮರ ಕುಗ್ಗಿ, ಫ್ರೆಟ್ಟಿನ ತುದಿಗಳು ಹೊರಚಾಚಿ ಬೆರಳಿಗೆ ಚುಚ್ಚುತ್ತವೆ, ಮೇಲಿನ ಹಲಗೆ ಬಿರುಕು ಬಿಡುವುದೂ ಉಂಟು. ಹಾಗೆಂದು ಕೂಲರಿನ ಗಾಳಿಗೆ ನೇರವಾಗಿ ಒಡ್ಡಿದರೆ ತೇವ ಮಿತಿಮೀರುತ್ತದೆ. ನುಡಿಸಿದ ಮೇಲೆ ಪೆಟ್ಟಿಗೆಯೊಳಗಿಟ್ಟು, ಹಿಂಡಿದ ಒದ್ದೆ ಸ್ಪಂಜನ್ನು ತೂತು ಮಾಡಿದ ಡಬ್ಬಿಯಲ್ಲಿ ಹಾಕಿ ಜೊತೆಗಿಟ್ಟರೆ ಸಾಕು.

ದೂರದ ಗುರು ಕೊಡಲಾರದ ಒಂದು ಸಂಗತಿ ಉಳಿಯುತ್ತದೆ: ಇನ್ನೊಬ್ಬರ ಜೊತೆ ನುಡಿಸುವುದು. ಬ್ಲೂಗ್ರಾಸ್ ಕೂಟದಲ್ಲಿ ಸುತ್ತ ಕುಳಿತವರು ಸರದಿಯಂತೆ ಮಟ್ಟನ್ನು ನುಡಿಸುತ್ತಾರೆ. ಐವರಿದ್ದರೆ ಗಿಟಾರಿನವರಿಗೆ ಮಟ್ಟು ನುಡಿಸುವ ಪಾಳಿ ಐದರಲ್ಲಿ ಒಂದು ಸಲ ಬರುತ್ತದೆ, ಉಳಿದ ನಾಲ್ಕು ಸಲ ಅವರು ಮಂದ್ರದ ಒಂದು ಸ್ವರ, ಆಮೇಲೆ ತಂತಿಗಳ ಮೇಲೊಂದು ಬೀಸು ಎಂಬ ಲಯವನ್ನೇ ಹಿಡಿದು ಇತರರನ್ನು ಹೊತ್ತು ನಡೆಯಬೇಕು. ಆದರೂ ಶಿಕ್ಷಕರಿಗೆ ಲಯದ ವೀಡಿಯೋ ಕಳುಹಿಸುವವರು ವಿರಳ. ಎಲ್ಲರಿಗೂ ಮಟ್ಟುಗಳೇ ಬೇಕು. ಮೊದಲ ವೀಡಿಯೋದಲ್ಲಿ ಲಯವನ್ನೇ ನುಡಿಸಿ ಕಳುಹಿಸಿ ಎಂದು ನಾನು ಒತ್ತಾಯದಿಂದ ಹೇಳುತ್ತೇನೆ. ಜೊತೆಗೆ ನುಡಿಸಲು ಬ್ಲೂಗ್ರಾಸ್ ಬಲ್ಲವರೇ ಸಿಗಬೇಕೆಂದು ಕಾಯುವುದು ಬೇಡ. ನಿಮ್ಮ ಓಣಿಯ ಭಜನೆಯ ಗುಂಪಿನಲ್ಲಿ ಕೆಹರವಾ ಹಿಡಿಯುವ ತಬಲಾದವರೊಬ್ಬರು ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ ಅವರ ಎದುರು ಕುಳಿತು, ಎಂಟೆಂಟು ಆವರ್ತಗಳ ಎರಡು ಭಾಗಗಳನ್ನು ತಲಾ ಎರಡು ಸಲದಂತೆ, ಒಟ್ಟು ಮೂವತ್ತೆರಡು ಆವರ್ತಗಳ ಮಟ್ಟನ್ನು ನಿಲ್ಲಿಸದೆ ನುಡಿಸಿರಿ. ಲಯ ಜಾರಿದರೆ ಅವರ ಎಡಗೈಯ ಡಗ್ಗಾ ಆ ಕ್ಷಣದಲ್ಲಿಯೇ ನಿಮಗೆ ಹೇಳುತ್ತದೆ. ಯಾವ ಆವರ್ತದಲ್ಲಿ ಜಾರಿತು ಎಂಬುದನ್ನು ಗುರುತು ಹಾಕಿಕೊಂಡು, ಮುಂದಿನ ವೀಡಿಯೋದಲ್ಲಿ ಶಿಕ್ಷಕರಿಗೆ ಅದನ್ನೇ ಕೇಳಿರಿ.

ನಮಸ್ಕಾರ.